ಬಿಳಿಬಟ್ಟೆಯ ಪರೀಕ್ಷೆ

ಇನ್ನೊಂದು ಏಟು ಬಿರುಸಾದರೆ ಕೊಳವೆ ಸೊಟ್ಟಗಾಗುತ್ತದೆ. ಮೆತ್ತಗಾದರೆ ಕಾರು ಗುಜರಿಗೆ ಹೋಗುತ್ತದೆ. ಬಡಗಿ ಉಸಿರು ಬಿಗಿಹಿಡಿದು, ಬಾನೆಟ್ಟಿನೊಳಕ್ಕೆ ಸೊಂಟದವರೆಗೂ ಬಾಗಿ, ಮರದ ಕೊಡತಿಯಿಂದ ಟಪ್ಪೆಂದು ಬಡಿದ. ಎಂಜಿನ್ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಇಳಿಯುವ ಆ ಹೊಸ ಕೊಳವೆ, ಬುಡದ ರಬ್ಬರ್ ಉಂಗುರದ ಸಮೇತ ತನ್ನ ರಂಧ್ರವನ್ನು ಕಚ್ಚಿ ಕುಳಿತುಕೊಂಡಿತು. ಮೇಲಿನ ಬೋಲ್ಟು ಬಿಗಿದ. ಅಲುಗಿಸಿ ನೋಡಿದ. ಅಲುಗಲಿಲ್ಲ.

ಹಳೆಯ ಕೊಳವೆ ಬೀಳುವ ಹಲ್ಲಿನಂತೆ ಅಲ್ಲಾಡುತ್ತಿತ್ತು. ಬುಡದಿಂದ ಎಣ್ಣೆ ಜಿನುಗುತ್ತಿತ್ತು. ಮೊದಲ ಸಲ ಬಡಗಿ ಅದಕ್ಕೆ ಮರದ ಪುಡಿ ಕಲಸಿದ ಗೋಂದು ಮೆತ್ತಿದ್ದ. ಸಾರಿಗೆ ಕಚೇರಿಯ ತಪಾಸಣೆಯಲ್ಲಿ ಕಾರು ಫೇಲಾಯಿತು. ಎರಡನೆಯ ಸಲ ತೇಗದ ಬೆಣೆಯೊಂದನ್ನು ಕೆತ್ತಿ ಹೊಡೆದ. ಬೆಣೆ ಬಹಳ ಚೆಂದವಿತ್ತು. ಕಾರು ಮತ್ತೆ ಫೇಲಾಯಿತು. ಮೂರನೆಯ ಸಲವೂ ಫೇಲಾದ ಹಳೆಯ ಕಾರಿಗೆ ಗುಜರಿಯೇ ಗತಿ ಎಂಬುದು ನಿಯಮ. ಆ ಮೂರನೆಯ ಸಲ ಇವತ್ತೇ. ಮದುವೆಯಾದ ದಿನ ಹೆಂಡತಿಯನ್ನು ಮನೆಗೆ ಕರೆತಂದದ್ದು ಇದೇ ಕಾರಿನಲ್ಲಿ. ಮೊದಲ ಸಲ ಫೇಲಾದಾಗಿನಿಂದ ಅವಳು ಇದರ ಬಾಗಿಲನ್ನೂ ಮುಟ್ಟಿರಲಿಲ್ಲ. ದಿನವೂ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು.

ತಪಾಸಣೆಯ ಅಧಿಕಾರಿಗೆ ಚಾಲಕರು 'ಬಿಳಿಬಟ್ಟೆ' ಎಂದೇ ಹೆಸರಿಟ್ಟಿದ್ದರು. ಎಂಜಿನ್ ಚಾಲೂ ಮಾಡಿಸಿ, ಅದರ ಕೆಳಗೆ ಬಿಳಿಯ ಬಟ್ಟೆಯೊಂದನ್ನು ಸರಿಸಿ, ಮಾತಿಲ್ಲದೆ ಕಾಯುವುದು ಅವರ ಪದ್ಧತಿ. ತೊಟ್ಟು ಬಿತ್ತೋ, ಕಥೆ ಮುಗಿಯಿತು. ಕೈಮುಗಿದರೆ ಕರಗದ, ಕಣ್ಣೀರಿಟ್ಟರೆ ಕದಲದ ಜೀವ.

"ಆ ಬಿಳಿಬಟ್ಟೆಗೆ ಹೃದಯ ಅನ್ನೋದೇ ಇಲ್ಲ ಕಣೇ," ಎಂದು ಬಡಗಿ ಕಿಟಕಿಯತ್ತ ಕೂಗಿದ.

ಒಳಗೆ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. "ಇರತ್ತೆ. ಕೆಲಸಕ್ಕೆ ಬರುವಾಗ ಮನೇಲಿ ಬಿಟ್ಟು ಬರ್ತಾರೇನೋ."

"ಮನೇಲಾದ್ರೂ ಇರತ್ತಾ?"

"ಅದನ್ನ ಅವರ ಮನೆಯವರನ್ನೇ ಕೇಳ್ಬೇಕು."

"ಅವರ ಮನೆಯವರ ಪಾಡು ನಾಯಿಪಾಡು!"

"ರೀ, ಮಾತು ಸಾಕು. ಆ ಎಣ್ಣೆ ಕೈಯಲ್ಲಿ ಇಸ್ತ್ರಿ ಬಟ್ಟೆ ಹತ್ರ ಬಂದ್ರೆ ನೋಡಿ ಮತ್ತೆ! ಹೇಳಿದೀನಿ."

ಹೇಳಿ ಅವಳು ಅಡುಗೆಮನೆಗೆ ಹೋದಳು. ಬಡಗಿಗೆ ತಡೆಯಲಾಗಲಿಲ್ಲ. ಅಧಿಕಾರಿಯ ಪರೀಕ್ಷೆಯನ್ನು ಮೊದಲು ಮನೆಯಲ್ಲೇ ಮಾಡಿ ನೋಡಿದರೆ ಏನು ತಪ್ಪು? ಎಂಜಿನ್ ಚಾಲೂ ಮಾಡಿ, ಕೈಯನ್ನು ಪ್ಯಾಂಟಿಗೆ ಉಜ್ಜಿ, ಕಿಟಕಿಯೊಳಗೆ ಕೈಚಾಚಿ, ಮೇಜಿನ ಮೇಲಿದ್ದ ರಾಶಿಯಿಂದ ಬಿಳಿಯ ಚೌಕವೊಂದನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಎಂಜಿನ್ ಕೆಳಗೆ ಹಾಸಿದ. ಕಾದ. ಎಂಜಿನ್ ನಿಲ್ಲಿಸಿ ಮತ್ತಷ್ಟು ಕಾದ. ಹೊರಗೆಳೆದರೆ ಬಟ್ಟೆ ಹಾಲಿನಷ್ಟು ಬಿಳುಪು!

ಸಂತೋಷ ಮನುಷ್ಯನ ಬುದ್ಧಿ ಕೆಡಿಸುತ್ತದೆ. ಎಣ್ಣೆಯ ಮಟ್ಟವನ್ನೂ ನೋಡಿಬಿಡೋಣವೆಂದು ಡಿಪ್‌ಸ್ಟಿಕ್ ಹೊರಗೆಳೆದ. ವರ್ಷಗಳ ಅಭ್ಯಾಸದಂತೆ ಅದನ್ನು ಕೈಯಲ್ಲಿದ್ದ ಬಟ್ಟೆಗೆ ಸುಯ್ಯೆಂದು ಒರೆಸಿದ.

ಎಣ್ಣೆ ಸರಿಯಿತ್ತು. ಬಟ್ಟೆಯ ಮೇಲೆ ಗೇಣುದ್ದದ ಕಪ್ಪು ಗೆರೆ ಬಿದ್ದಿತ್ತು.

ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳದ ಸದ್ದಾಯಿತು. ಗೆರೆ ಒಳಗೆ ಹೋಗುವಂತೆ ಬಟ್ಟೆಯನ್ನು ಇಸ್ತ್ರಿಯ ಗೀಟಿನ ಮೇಲೇ ಮಡಿಸಿ, ರಾಶಿಯ ಮೇಲಿಟ್ಟು, ಬಡಗಿ ಬಾನೆಟ್ಟಿನೊಳಗೆ ತಲೆ ಹುದುಗಿಸಿದ. ಹೆಂಡತಿ ಬಂದು ಬುತ್ತಿ, ಛತ್ರಿ, ಮೇಜಿನ ಮೇಲಿಂದ ಬೇಕಾದ್ದನ್ನೆಲ್ಲ ಚೀಲಕ್ಕೆ ತುರುಕಿಕೊಂಡಳು.

"ಇವತ್ತಾದ್ರೂ ಕಾರಲ್ಲಿ ಬಾರೇ. ನಾನೂ ಆ ಕಡೆಗೇ ಹೋಗೋದು."

"ಫೇಲಾದ ಕಾರಲ್ಲಿ ನಾನು ಕೂರಲ್ಲ. ಪಾಸಾಗಲಿ, ನೋಡೋಣ," ಎಂದು ಬಸ್ಸಿಗೆ ಓಡಿದಳು.

ಕಚೇರಿಯ ಅಂಗಳದಲ್ಲಿ ಟ್ಯಾಕ್ಸಿಯವನೊಬ್ಬ ಹಲ್ಲು ಕಿರಿದ. "ಏನಣ್ಣಾ, ಮತ್ತೆ ಬಂದ್ಯಾ? ಬಿಳಿಬಟ್ಟೆ ಸ್ವಂತ ಮನೆಯವರನ್ನೂ ಬಿಡೋರಲ್ಲ."

"ಅದು ನನಗೆ ಗೊತ್ತಿಲ್ವೇನಯ್ಯಾ?" ಎಂದು ಬಡಗಿ ನಿಟ್ಟುಸಿರಿಟ್ಟ.

ಅಧಿಕಾರಿ ಬಂದರು. ಮಂಡಿಯವರೆಗಿನ ಖಾಕಿ ಕೋಟು, ದಪ್ಪ ಕನ್ನಡಕ. ಬಡಗಿಯ ಮುಖವನ್ನು ನೋಡಲಿಲ್ಲ. ಕಾರಿನ ಸಂಖ್ಯೆಯನ್ನಷ್ಟೇ ನೋಡಿದರು. ಚೀಲದಿಂದ ಬಟ್ಟೆ ತೆಗೆದು, ಮಡಿಕೆ ಬಿಚ್ಚದೆ, ಎಂಜಿನ್ ಕೆಳಗೆ ಸರಿಸಿದರು. ಬಿಸಿಲಿಗೆ ನೆಲ ಕಾದಿತ್ತು. ಎಂಜಿನ್ ಗುರುಗುಟ್ಟುತ್ತಿತ್ತು.

ಹೊರಗೆಳೆದಾಗ ಬಟ್ಟೆಯ ನಡುವೆ ಕಪ್ಪು ಒಡೆದು ಕಾಣುತ್ತಿತ್ತು.

"ಹೋಯ್ತು," ಎಂದ ಟ್ಯಾಕ್ಸಿಯವನು. ಜವಾನ ಕೆಂಪು ಮುದ್ರೆಗೆ ಕೈಹಾಕಿದ.

ಅಧಿಕಾರಿ ಮಡಿಕೆ ಬಿಚ್ಚಿ ಬಟ್ಟೆಯನ್ನು ಬೆಳಕಿಗೆ ಹಿಡಿದರು. "ಸೋರಿದ ಎಣ್ಣೆ ಗುಂಡಗೆ ಬೀಳುತ್ತೆ. ಇದು ಗೆರೆ. ಅದೂ ಒಳಗಡೆ. ಹೇಗೆ ಬಂತು?"

ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ ಕಾರು ಗುಜರಿಗೆ. ಅವನು ಕಾರನ್ನು ನೋಡಿದ. ಬಣ್ಣ ಹೋದರೆ ಹೋಗಲಿ.

"ನಾನೇ... ಬೆಳಗ್ಗೆ ಡಿಪ್‌ಸ್ಟಿಕ್ ಒರೆಸಿ, ಗೊತ್ತಾಗದ ಹಾಗೆ ಮಡಿಸಿಟ್ಟೆ."

ಜವಾನನ ಕಣ್ಣು ಹಣೆಗೇರಿತು. "ಅಧಿಕಾರಿಗಳ ಚೀಲದಲ್ಲಿರೋ ಬಟ್ಟೆಗೆ ನಿನ್ನ ಕೈ ಹೇಗಯ್ಯಾ ಹೋಯ್ತು?"

ಅಧಿಕಾರಿ ಹೊಸದೊಂದು ಬಿಳಿ ಹಾಳೆ ತರಿಸಿ ಎಂಜಿನ್ ಕೆಳಗೆ ಸರಿಸಿದರು. ಮೊದಲಿಗಿಂತ ಹೆಚ್ಚೇ ಹೊತ್ತು ಕಾದರು. ಹಾಳೆ ಹೋದಂತೆಯೇ ಹೊರಬಂತು. ಹಸಿರು ಮುದ್ರೆ ದಬ್ಬೆಂದು ಬಿತ್ತು.

ಪತ್ರವನ್ನು ಬಡಗಿಯ ಕೈಗಿಟ್ಟು, ಅದರ ಮೇಲೆ ಆ ಬಟ್ಟೆಯನ್ನೂ ಇಟ್ಟು, ಅಧಿಕಾರಿ ತಗ್ಗಿದ ದನಿಯಲ್ಲಿ ಹೇಳಿದರು: "ಕಾರು ಪಾಸು, ನೀವು ಫೇಲು. ಸಂಜೆ ಗೇಟಿನ ಹತ್ರ ಬನ್ನಿ ರೀ, ಕಾರಲ್ಲೇ ಮನೆಗೆ ಹೋಗೋಣ. ಆದ್ರೆ ಈ ಬಟ್ಟೆ ಮಾತ್ರ ನೀವೇ ಒಗೀಬೇಕು."