ಹೆಬ್ಬೆರಳು

"ಇವಳು ಇನ್ನೂ ಬೆರಳು ಚೀಪ್ತಾಳಾ?" ತಿಪಟೂರಿನ ಹಲ್ಲಿನ ಡಾಕ್ಟರು ಕೇಳಿದರು. "ಇಲ್ಲ ಕಣ್ರೀ, ಹದಿಮೂರು ತುಂಬಿದೆ," ಎಂದಳು ಮಂಗಳಾ. ಕುರ್ಚಿಯಲ್ಲಿ ಒರಗಿದ್ದ ಮಗಳು ನಿಸರ್ಗ ತಲೆ ಮೇಲಿನ ದೀಪ ನೋಡುತ್ತಲೇ ಹೇಳಿದಳು: "ಚೀಪ್ತೀನಿ. ಅಪ್ಪ ತೀರ್ಕೊಂಡ ಮೇಲೆ. ಮಲಗಿದಾಗ ಮಾತ್ರ."

ತೆಂಗಿನಕಾಯಿ ಸುಲಿದು ಒರಟಾದ ತನ್ನ ಅಂಗೈಯಲ್ಲಿ ಮಂಗಳಾ ಮಗಳ ಕೈ ಹಿಡಿದು ನೋಡಿದಳು. ಹಲ್ಲು ಊರಿ ಊರಿ ಹೆಬ್ಬೆರಳ ಗೆಣ್ಣು ದಡ್ಡುಗಟ್ಟಿತ್ತು. ಎರಡು ವರ್ಷದಿಂದ ಇಬ್ಬರೂ ಒಂದೇ ಚಾಪೆಯಲ್ಲಿ ಮಲಗುತ್ತಿದ್ದರು. ನಿದ್ದೆಯಿಲ್ಲದ ತನ್ನ ಕಣ್ಣು ಮಗಳಿಗೆ ಕಾಣಬಾರದೆಂದು ಇವಳು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಈಗಲೂ ಅಳು ಬರಲಿಲ್ಲ. ಅದು ನಿಂತುಹೋಗಿ ಬಹಳ ಕಾಲವಾಗಿತ್ತು.

"ಹಲ್ಲು ಮುಂದೆ ಬಂದಿರೋದು ಅದಕ್ಕೇ ಅಮ್ಮಾ," ಎಂದರು ಡಾಕ್ಟರು. "ಕ್ಲಿಪ್ ಹಾಕೋದು ಆಮೇಲೆ. ಮೊದಲು ಮೇಲಿನ ಹಲ್ಲಿನ ಹಿಂದೆ ಒಂದು ತಂತಿ ಕೂರಿಸ್ತೀನಿ, ಬೆರಳು ಒಳಗೆ ಹೋಗಲ್ಲ. ಇವತ್ತೇ ಅಳತೆ ತಗೊಳ್ಳಲಾ?"

ನಿಸರ್ಗ ಕೈ ಬಿಡಿಸಿಕೊಳ್ಳಲು ನೋಡಿದಳು. ಮಂಗಳಾ ಬಿಡಲಿಲ್ಲ.

"ಇವತ್ತು ಬ್ಯಾಡ ಡಾಕ್ಟ್ರೇ. ಸ್ವಲ್ಪ ದಿನ ಇವಳ ಕೈ ಹಿಡ್ಕೊಂಡು ಮಲಗಿ ನೋಡ್ತೀನಿ. ಆಗಲಿಲ್ಲ ಅಂದ್ರೆ ಬತ್ತೀವಿ."

ನಿಸರ್ಗಳ ಕೈ ಎಳೆಯುವುದನ್ನು ನಿಲ್ಲಿಸಿತು.