ಹಲ್ಲಿನ ಡಾಕ್ಟರ ಪಟ್ಟೆ ಮೀನು

ರಿಸೆಪ್ಷನ್ ಹುಡುಗಿ ಕತ್ತು ತಿರುಗಿಸದಂತೆ ನೋಡಿಕೊಳ್ಳುವುದು ತಮ್ಮಯ್ಯನವರ ಕೆಲಸ. ಉಳಿದದ್ದೆಲ್ಲ ಹೆಂಡತಿ ಜಯಲಕ್ಷ್ಮಮ್ಮನ ಪಾಲಿನದು.

"ತಿರುವೊಟ್ಟಿಯೂರ್ ಬಸ್ಸು ಎಂಗೆ ನಿಕ್ಕುಂ ಅಮ್ಮಾ?" ತಮ್ಮಯ್ಯ ಹರಕುಮುರುಕು ತಮಿಳಿನಲ್ಲಿ ಕೇಳಿದರು. ಹೋದ ಸಲವೂ ಇದನ್ನೇ ಕೇಳಿದ್ದರು. ಹುಡುಗಿ ನಗುತ್ತಲೇ ಮತ್ತೆ ಬಸ್‌ಸ್ಟಾಪಿನ ದಾರಿ ಹೇಳತೊಡಗಿದಳು.

ಅವಳ ಬೆನ್ನ ಹಿಂದೆ ಮೀನಿನ ಗಾಜಿನ ಟ್ಯಾಂಕು. ಪಕ್ಕದಲ್ಲಿ ಜಯಲಕ್ಷ್ಮಮ್ಮ. ಅಗಲ ಬಾಯಿಯ ಸ್ಟೀಲ್ ಬಾಟಲಿಯನ್ನು ಟ್ಯಾಂಕಿನ ನೀರಿಗೆ ಅದ್ದಿದರು. ಎತ್ತಿದರು. ತುಸು ತಾಳಿ ಮತ್ತೆ ಅದ್ದಿದರು.

ತಮ್ಮಯ್ಯ ಓರೆಗಣ್ಣಿನಲ್ಲಿ ಹೆಂಡತಿಯ ಕಡೆ ನೋಡಿದರು. ಬೇಗ ಮುಗಿಸಬಾರದೇ ಇವಳು! ಆದರೆ ಮನೆಯಲ್ಲೇ ಹೇಳಿಬಿಟ್ಟಿದ್ದಳು: "ಅವಸರ ಮಾಡಿದ್ರೆ ಮೀನು ಸತ್ತೋಯ್ತದೆ ಕಣ್ರೀ."

ಚೆನ್ನೈನ ಪುರಸೈವಾಕ್ಕಂನ ಈ ಹಲ್ಲಿನ ಆಸ್ಪತ್ರೆಗೆ ಮೊದಲ ಸಲ ಬಂದದ್ದು ನಿಜವಾದ ಹಲ್ಲುನೋವಿಗೇ. ಅಂದು ಟ್ಯಾಂಕಿನ ಮುಂದೆ ಕೂತ ಜಯಲಕ್ಷ್ಮಮ್ಮ ಏಳಲೇ ಇಲ್ಲ. ಅದರೊಳಗಿದ್ದದ್ದೂ ಮಗ ಪ್ರತಾಪ್ ಆಸೆಪಟ್ಟು ಮನೆಗೆ ತಂದಿಟ್ಟಿದ್ದ ಪಟ್ಟೆ ಮೀನುಗಳದೇ ಜಾತಿ. ತಂದವನಿಗೆ ಪುರುಸೊತ್ತಿಲ್ಲ. ನೀರು ಬದಲಿಸುವುದು, ತಿಂಡಿ ಹಾಕುವುದು ಎಲ್ಲ ಅಮ್ಮನ ತಲೆಗೆ ಬಂದು, ಈಗ ಆಕೆಗೆ ಮೀನೆಂದರೆ ಪಂಚಪ್ರಾಣ. ವಾಪಸ್ ಹೋಗುವಾಗ ಆಟೋದಲ್ಲಿ ಒಂದೇ ಮಾತು.

"ಇನ್ನೊಂದ್ಸಲ ಬರಬೇಕು."

"ಹಲ್ಲುನೋವು ಹೋಯ್ತಲ್ಲೇ."

"ಇನ್ನೊಂದು ಹಲ್ಲು ನೋಯ್ತದೆ ಅನ್ನಿ."

ಹೀಗೆ ತಮ್ಮಯ್ಯನವರ ಹಲ್ಲುಗಳು ಒಂದಾದ ಮೇಲೊಂದು ನೋಯತೊಡಗಿದವು. ಕ್ಲೀನಿಂಗ್ ಆಯಿತು, ಎಕ್ಸ್‌ರೇ ಆಯಿತು. ಇವತ್ತು ಬರುವಾಗ ಹಂಪ್ ಸಿಕ್ಕಿದಲ್ಲೆಲ್ಲ ಜಯಲಕ್ಷ್ಮಮ್ಮ ಆಟೋದವನಿಗೆ "ಮೆಲ್ಲ, ಮೆಲ್ಲ" ಎನ್ನುತ್ತಿದ್ದರು. ಪಾಪ, ಗಂಡನ ಹಲ್ಲುನೋವಿಗೆ ಎಂದುಕೊಂಡಿರಬೇಕು ಅವನು. ಬಿಸಿಲಿಗೆ ಬಾಯಾರಿ ತಮ್ಮಯ್ಯ ಬಾಟಲಿಗೆ ಕೈ ಹಾಕಿದರೆ, "ಅದನ್ನ ಮುಟ್ಟಬ್ಯಾಡಿ!" ಎಂದು ಮಡಿಲಿಗೆಳೆದುಕೊಂಡರು.

ಮೊನ್ನೆ ಪ್ರತಾಪನಿಗೂ ಅನುಮಾನ ಬಂದಿತ್ತು. "ನಮ್ಮ ಟ್ಯಾಂಕಲ್ಲಿ ಇಷ್ಟೊಂದು ಮೀನು ಎಲ್ಲಿಂದ ಬಂತಮ್ಮ?"

"ಮೊಟ್ಟೆ ಇಟ್ಟು ಮರಿ ಮಾಡವೆ ಕಣಪ್ಪ, ಇನ್ನೆಲ್ಲಿಂದ ಬರ್ತವೆ?"

ಮಾತು ಎಲ್ಲಿ ಆಸ್ಪತ್ರೆಯ ಕಡೆ ಹೊರಳುತ್ತದೋ ಎಂದು ತಮ್ಮಯ್ಯ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು.

ಒಳಗಿನಿಂದ ಕರೆ ಬಂತು. ಡಾಕ್ಟರ್ ರವಿಶಂಕರ್ ಚೆನ್ನೈಯಲ್ಲೇ ಹುಟ್ಟಿ ಬೆಳೆದ ಕನ್ನಡಿಗರು. ಅವರ ಕನ್ನಡದಲ್ಲಿ ತಮಿಳು ಹೇಳದೆ ಕೇಳದೆ ನುಗ್ಗುತ್ತಿತ್ತು.

"ಇವತ್ತು ಯಾವ ಪಲ್ಲು ಸಾರ್?"

"ಕಡೇ ದವಡೆದು."

"ಎಷ್ಟು ಸಲ ನೋಡಿದರೂ ಕಾರಣ ಸಿಕ್ತಾ ಇಲ್ಲ. ಕಿತ್ತುಬಿಡೋಣ." ಡಾಕ್ಟರ್ ಇಂಜೆಕ್ಷನ್ ಎತ್ತಿಕೊಂಡರು.

"ಜಯಾ!" ತಮ್ಮಯ್ಯ ಕೂಗಿಕೊಂಡರು.

ಬಾಗಿಲು ದಡಾರನೆ ತೆರೆಯಿತು. ಬಾಟಲಿಯಿದ್ದ ಬ್ಯಾಗು ಅವುಚಿಕೊಂಡೇ ಜಯಲಕ್ಷ್ಮಮ್ಮ ಒಳಗೆ ಬಂದರು. ಡಾಕ್ಟರ್ ಇಂಜೆಕ್ಷನ್ ಕೆಳಗಿಟ್ಟು, ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದರು. ಹೊರಗಿನ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಟ್ಯಾಂಕು, ಬಾಟಲಿ, ಬಳೆ ತೊಟ್ಟ ಕೈ.

"ಇದು ನೀವೇ ತಾನೇ ಅಮ್ಮ?"

ತಮ್ಮಯ್ಯ ಕುರ್ಚಿಯಿಂದ ಅರ್ಧ ಎದ್ದರು. ಈ ವಯಸ್ಸಿನಲ್ಲಿ ಪೊಲೀಸ್ ಸ್ಟೇಷನ್ನು! ಮಗನಿಗೆ ಯಾವ ಮುಖ ತೋರಿಸುವುದು?

"ನಾನೇ," ಅಂದರು ಜಯಲಕ್ಷ್ಮಮ್ಮ. "ಇವರ ಹಲ್ಲೆಲ್ಲ ಗಟ್ಟಿಯಾಗವೆ, ಕೀಳಬ್ಯಾಡಿ. ಟ್ಯಾಂಕಿನ ಮೇಲೆ ಮುಟ್ಟಬೇಡಿ ಅಂತ ಬೋರ್ಡು ಹಾಕಿದೀರಿ. ಕೇಳಿದ್ರೆ ಬ್ಯಾಡ ಅಂತಿದ್ರಿ. ಅದಕ್ಕೇ ಕೇಳ್ಲಿಲ್ಲ. ತಪ್ಪು ನಂದೇ."

ಡಾಕ್ಟರ್ ಕೈ ಚಾಚಿದರು. ಬಾಟಲಿ ಈಸಿಕೊಂಡು ಮುಚ್ಚಳ ತಿರುವಿ ಬೇಸಿನ್ನಿಗೆ ಬಗ್ಗಿಸಿದರು. ಬರೀ ನೀರು. ಎದ್ದು ಹೊರಗೆ ಟ್ಯಾಂಕಿನ ಕಡೆ ನಡೆದರು. ಗಂಡ ಹೆಂಡತಿ ತಲೆ ತಗ್ಗಿಸಿ ಹಿಂಬಾಲಿಸಿದರು.

"ಒಂಟಿಯಾಗಿ ಮೂಲೆ ಹಿಡಿದು ಸಾಯೋದರಲ್ಲಿದ್ದ ನನ್ನ ಒಂದೇ ಒಂದು ಮೀನಿಗೆ ಇಷ್ಟು ದೊಡ್ಡ ಬಳಗವನ್ನೇ ತಂದು ಬಿಟ್ಟಿದೀರಲ್ಲ," ಡಾಕ್ಟರ್ ಗಾಜಿಗೆ ಮೂಗು ತಾಗಿಸಿ ಅಂದರು, "ಇನ್ನೂ ಎಷ್ಟು ತರೋದಿದೆ ಅಮ್ಮ?"