ಕಾಯಿ ಒಡೆಯುವ ಹಣೆ

"ಕಣದ ಕಾಫಿಗೆ ಟಾರ್ಪಾಲು ಹೊದಿಸಿದ್ಯೇನೇ?" ಎಂದು ಗಂಡ ತೋಟಪ್ಪ ಮತ್ತೆ ಕೇಳಿದಾಗ ಜಗದಾಂಬಳಿಗೆ ರೇಗಿಹೋಯಿತು. "ಅಯ್ಯೋ ಮಾರಾಯ್ರೇ, ಈಗಿನ್ನೂ ನೀವೇ ಹೊದಿಸಿ ಬಂದ್ರಲ್ರೀ! ಎಷ್ಟು ಸಲ ಹೇಳ್ಲಿ?" ಐವತ್ತು ತುಂಬುವ ಮೊದಲೇ ಇದೆಂಥ ಅರಳುಮರಳು! ಮೊನ್ನೆ ಯಸಳೂರು ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವ ದಾರಿಯನ್ನೇ ತಪ್ಪಿದ್ದ. ಯಾಕೆಂದು ಕೇಳಿದ್ದಕ್ಕೆ ಊಟದ ತಟ್ಟೆ ಎಸೆದಿದ್ದ. ನಿನ್ನೆ ಸಕಲೇಶಪುರಕ್ಕೆ ಕರೆದೊಯ್ದರೆ ಆ ಡಾಕ್ಟರದೂ ಬೇಡದ ಪ್ರಶ್ನೆ: "ಇವರ ತಲೆಗೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತಾ?" "ಒಂದ್ಸಲಾನೂ ಇಲ್ಲ" ಎಂದು ಅವಳು ಕಡ್ಡಿ ಮುರಿದಂತೆ ಹೇಳಿ ಬಂದಿದ್ದಳು.

ಅಷ್ಟರಲ್ಲಿ ಊರಿನ ಕಬಡ್ಡಿ ಟೂರ್ನಿ ನಡೆಸುವ ರವಿಚಂದ್ರ ಸುಲಿದ ತೆಂಗಿನಕಾಯಿ ಹಿಡಿದು ಅಂಗಳಕ್ಕೆ ಬಂದ. "ಅಣ್ಣಾ, ಈ ವರ್ಷಾನೂ ಉದ್ಘಾಟನೆಗೆ ನೀವೇ ಹಣೇಲಿ ಕಾಯಿ ಒಡೀಬೇಕು. ಇದನ್ನ ಒಂದು ಒಡೆದು ನೋಡಿ." ಜಗದಾಂಬಳ ಕಡೆ ತಿರುಗಿ ನಕ್ಕ. "ಇಪ್ಪತ್ತು ವರ್ಷ ಕಬಡ್ಡೀಲಿ ರೈಡರ್‌ಗಳಿಗೆ ಡಿಕ್ಕಿ ಹೊಡೆದ ತಲೆ ಕಣಕ್ಕಾ ಇದು, ಬಂಡೆ ಇದ್ದಂಗೆ ಐತೆ!"

ಎಲ್ಲ ಮರೆತಿದ್ದ ತೋಟಪ್ಪ ಇದೊಂದನ್ನು ಮರೆತಿರಲಿಲ್ಲ. ಖುಷಿಯಿಂದ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ, ಕಣ್ಣು ಮುಚ್ಚಿ, ಹಣೆಗೆ ಬಡಿದುಕೊಂಡ.

ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ ಜಗದಾಂಬಳ ಅಂಗೈ ಈಗ ಅವನ ಹಣೆಗೆ ಅಡ್ಡ ಬಂದಿತ್ತು. ಕಾಯಿ ಅವಳ ಬೆರಳುಗಳ ಮೇಲೆ ಬಡಿಯಿತು. ನೋವು ಮೊಣಕೈವರೆಗೂ ಹರಿಯಿತು. ಆದರೂ ಅವಳು ಕೈ ತೆಗೆಯಲಿಲ್ಲ.

"ರವಿ, ಕಾರ್ ತೆಗಿಯೋ," ಎಂದಳು. "ನಿನ್ನೆ ಡಾಕ್ಟ್ರಿಗೆ ನಾನು ಸುಳ್ಳು ಹೇಳ್ಬುಟ್ಟೆ."